ಸಾವಧಾನ್! ಸಾಹೇಬರ ನಾಯಿ ಬರುತ್ತಿದೆ

ನ್ಯೂಯಾರ್ಕ್ ನಗರದ ಪೊಲೀಸರು, ಪಾಪ, ತರಬೇತಿಗೆಂದು ಒಂದು ನಕಲಿ ಊರನ್ನೇ ಕಟ್ಟಿಕೊಂಡಿದ್ದಾರೆ. ಕ್ವೀನ್ಸ್ ಭಾಗದ ಕಾಲೇಜ್ ಪಾಯಿಂಟ್ ಎಂಬಲ್ಲಿರುವ ಅವರ ಅಕಾಡೆಮಿಯೊಳಗೆ ನಕಲಿ ಬ್ಯಾಂಕ್, ನಕಲಿ ಕಿರಾಣಿ ಅಂಗಡಿ, ನಕಲಿ ಹೋಟೆಲ್, ನಕಲಿ ನ್ಯಾಯಾಲಯ, ಸಾಲದ್ದಕ್ಕೆ ಸುರಂಗ ರೈಲಿನ ಒಂದು ಬೋಗಿಯೂ ಇದೆ. ಹೊಸದಾಗಿ ಸೇರಿದವರು ಸುಮಾರು ಆರು ತಿಂಗಳ ಕಲಿಕೆಯ ನಡುವೆ ಇಲ್ಲಿ ನಕಲಿ ಕಳ್ಳನನ್ನು ಹಿಡಿಯುವುದನ್ನೂ ನಕಲಿ ಕಟಕಟೆಯಲ್ಲಿ ನಿಂತು ಸಾಕ್ಷ್ಯ ಹೇಳುವುದನ್ನೂ ಅಭ್ಯಾಸ ಮಾಡುತ್ತಾರೆ. ಆಮೇಲಷ್ಟೇ ಅವರಿಗೆ ಅಸಲಿ ಊರಿನ ದರ್ಶನ.

ನಮ್ಮ ಬಳ್ಳಾರಿಗೆ ಈ ದುಂದುವೆಚ್ಚ ಬೇಕಿಲ್ಲ. ಇಲ್ಲಿ ಊರು ಅಸಲಿ, ಪಾಠವೇ ನಕಲಿ. ಆದರೂ ಯಾರಾದರೂ ಹಿರಿಯ ಅಧಿಕಾರಿ ಸರ್ಕಾರಿ ಖರ್ಚಿನಲ್ಲಿ ಅಮೆರಿಕಕ್ಕೆ ಅಧ್ಯಯನ ಪ್ರವಾಸ ಹೋಗಿಬಂದು, ನಾವೂ ಒಂದು ನಕಲಿ ಬಳ್ಳಾರಿಯನ್ನು ಕಟ್ಟಿ ನಮ್ಮ ಹುಡುಗರನ್ನು ಪಳಗಿಸೋಣ ಎಂದು ಹೊರಟರೆ ತಡೆಯುವವರು ಯಾರು? ಅಂಥ ದಿನ ಬಂದರೆ ಏನೇನು ಕಟ್ಟಬೇಕು ಎಂಬುದನ್ನು ತೆರಿಗೆ ಕಟ್ಟುವ ಪ್ರಜೆಯಾಗಿ ಈಗಲೇ ಹೇಳಿಡುತ್ತೇನೆ. ಬ್ಯಾಂಕ್, ರೈಲು, ನ್ಯಾಯಾಲಯ ಯಾವುದೂ ಬೇಡ. ಒಂದು ವೃತ್ತ, ಒಂದು ಮೇಜು, ಒಂದು ಬಂಗಲೆ ಸಾಕು.

ವೃತ್ತದ ವೆಚ್ಚ ತೀರಾ ಕಡಿಮೆ. ಒಂದು ಕಬ್ಬಿಣದ ಬ್ಯಾರಿಕೇಡ್ ಮತ್ತು ಏಪ್ರಿಲ್ ತಿಂಗಳ ಬಿಸಿಲು ಇದ್ದರೆ ಆಯಿತು. ಕಾನ್ಸ್‌ಟೆಬಲ್ ಆಗಬೇಕೆಂದರೆ ಗಂಡುಮಕ್ಕಳು 1,600 ಮೀಟರ್ ದೂರವನ್ನು ಆರೂವರೆ ನಿಮಿಷದೊಳಗೆ ಓಡಿ ಮುಗಿಸಬೇಕು. ಸಿರುಗುಪ್ಪ, ಸಿಂಧನೂರು, ಕುಷ್ಟಗಿ ಕಡೆಯ ಹುಡುಗರು ಪದವಿ ಮುಗಿಸಿ, ಅಪ್ಪ ಕೊಟ್ಟ ಹಣದಲ್ಲಿ ಬೂಟು ಕೊಂಡು, ನಸುಕಿನಲ್ಲಿ ಕಾಲುವೆಯ ದಂಡೆ ಹಿಡಿದು ಓಡುತ್ತಿರುತ್ತಾರೆ. ಹಾಗೆ ಓಡಿ ಓಡಿ ಆಯ್ಕೆಯಾದವನಿಗೆ ಇಲಾಖೆ ಕೊಡುವ ಕೆಲಸ ಯಾವುದೆಂದರೆ ನಿಲ್ಲುವುದು. ಸಚಿವರು ಹನ್ನೊಂದಕ್ಕೆ ಬರುತ್ತಾರೆಂದರೆ ರೋಲ್ ಕಾಲ್ ಬೆಳಿಗ್ಗೆ ಐದಕ್ಕೆ, ರಾಯಲ್ ಸರ್ಕಲ್‌ನಲ್ಲಿ ನಿಲ್ಲುವುದು ಆರಕ್ಕೆ. ತೋರಣಗಲ್ಲಿನಲ್ಲಿ ವಿಮಾನ ಇಳಿಯಿತೆಂಬ ಸುದ್ದಿ ವೈರ್‌ಲೆಸ್‌ನಲ್ಲಿ ಬರುವ ಹೊತ್ತಿಗೆ ಮಧ್ಯಾಹ್ನ ಎರಡು. ಕಾರುಗಳ ಸಾಲು ಸರ್ರನೆ ಹಾದು ಹೋಗಲು ಹಿಡಿಯುವುದು ಅರ್ಧ ನಿಮಿಷ. ಆ ಅರ್ಧ ನಿಮಿಷದಲ್ಲಿ ಈತ ಹೊಡೆದ ಸೆಲ್ಯೂಟನ್ನು ಕಪ್ಪು ಗಾಜಿನ ಆಚೆಗೆ ಯಾರು ಸ್ವೀಕರಿಸಿದರೋ, ಸ್ವೀಕರಿಸುವವರು ಎಚ್ಚರವಾಗಿದ್ದರೋ ಇಲ್ಲವೋ, ಭಗವಂತನೇ ಬಲ್ಲ. ಕನಕದುರ್ಗಮ್ಮನ ಸಿಡಿಬಂಡಿ ಜಾತ್ರೆಗೆ ನಿಲ್ಲುವುದು ಬೇರೆ ಮಾತು. ಅಲ್ಲಿ ನಿಂತವನಿಗೆ ಕನಿಷ್ಠ ದೇವಿಯ ದರ್ಶನವಾದರೂ ಆಗುತ್ತದೆ.

ನಿಲ್ಲುವವನ ಬಗ್ಗೆ ಸರ್ಕಾರಕ್ಕೆ ಕಾಳಜಿಯೇ ಇಲ್ಲವೆಂದರೆ ಪಾಪ ಬಂದೀತು. 2025ರ ಅಕ್ಟೋಬರ್‌ನಲ್ಲಿ ಕಾನ್ಸ್‌ಟೆಬಲ್ ಮತ್ತು ಹೆಡ್ ಕಾನ್ಸ್‌ಟೆಬಲ್‌ಗಳ ಹಳೆಯ ಸ್ಲೋಚ್ ಹ್ಯಾಟ್ ತೆಗೆದು ಕಡುನೀಲಿ ಪೀಕ್ ಕ್ಯಾಪ್ ಕೊಟ್ಟಿದ್ದಾರೆ. ಒಂದು ಬದಿ ಮಡಚಿದ ಆ ಹ್ಯಾಟು ಓಡಿದರೆ ಬೀಳುತ್ತಿತ್ತು, ಬಾಗಿದರೆ ಜಾರುತ್ತಿತ್ತು, ಅದನ್ನು ತೆಗೆದದ್ದು ಸರಿಯೇ. ಒಟ್ಟಿನಲ್ಲಿ ಪೊಲೀಸರ ತಲೆಯ ಸುಧಾರಣೆ ಆರಂಭವಾಗಿದೆ, ಸದ್ಯಕ್ಕೆ ಹೊರಗಿನಿಂದ.

ಇನ್ನು ಮೇಜು. ನಕಲಿ ಬಳ್ಳಾರಿಯಲ್ಲಿ ಅತಿ ಹೆಚ್ಚು ಖರ್ಚು ಮಾಡಬೇಕಾದದ್ದು ಇಲ್ಲಿಯೇ. ಏಕೆಂದರೆ ತರಬೇತಿ ಶಾಲೆಯಲ್ಲಿ ಕಲಿತದ್ದನ್ನು ಮರೆಸುವ ಪವಿತ್ರ ಕಾರ್ಯ ನಡೆಯುವುದು ಠಾಣೆಯ ಈ ಮೇಜಿನ ಮುಂದೆ.

ಶಾಲೆಯಲ್ಲಿ ಕಲಿಸುವುದಿಲ್ಲ ಎಂದೇನೂ ಇಲ್ಲ. ಪಠ್ಯದಲ್ಲಿ ಭಾರತೀಯ ನ್ಯಾಯ ಸಂಹಿತೆ ಇದೆ, ನಾಗರಿಕ ಸುರಕ್ಷಾ ಸಂಹಿತೆ ಇದೆ, ಬಂಧಿಸುವಾಗ ಎದೆಯ ಮೇಲೆ ಹೆಸರಿನ ಪಟ್ಟಿ ಕಾಣುವಂತಿರಬೇಕು, ಬಂಧಿತನ ಮನೆಯವರಿಗೆ ತಿಳಿಸಬೇಕು ಎಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದ ಮಾತುಗಳಿವೆ. ಆದರೆ ನಸುಕಿನಿಂದ ಪಿ.ಟಿ., ಕವಾಯತು, ಲಾಠಿ ಡ್ರಿಲ್ ಮುಗಿಸಿ ಹೊಟ್ಟೆ ತುಂಬ ಅನ್ನ ಸಾರು ಉಂಡು ಬಂದವರಿಗೆ ಮಧ್ಯಾಹ್ನದ ಮೊದಲ ತರಗತಿಯಲ್ಲಿ ಮಾನವ ಹಕ್ಕುಗಳ ಪಾಠ ಹಾಕುವವರು ಮನುಷ್ಯ ಶರೀರವನ್ನು ಚೆನ್ನಾಗಿ ಬಲ್ಲವರು. ಆ ಹೊತ್ತಿನಲ್ಲಿ ಪ್ರಶಿಕ್ಷಣಾರ್ಥಿಗೆ ನೆನಪಾಗುವ ಮಾನವ ಹಕ್ಕು ನಿದ್ದೆಯೊಂದೇ.

ಇಷ್ಟರ ಮೇಲೂ ಎಚ್ಚರವಾಗಿದ್ದು ಕಾನೂನು ಕಲಿತ ಒಬ್ಬ ಹುಡುಗ ಠಾಣೆಗೆ ಬಂದ ಎಂದಿಟ್ಟುಕೊಳ್ಳಿ. ಅವನ ಮೊದಲ ದಿನ ಜೀನ್ಸ್ ಹೊಲಿಯುವ ಘಟಕದ ಹೆಣ್ಣುಮಗಳೊಬ್ಬಳು ಏದುಸಿರು ಬಿಡುತ್ತ ಒಳಗೆ ಬರುತ್ತಾಳೆ.

‘ಅಣ್ಣಾ, ಇಬ್ಬರು ಬೈಕಿನಲ್ಲಿ ಬಂದು ಕೈಯಲ್ಲಿದ್ದ ಮೊಬೈಲ್ ಕಿತ್ತುಕೊಂಡು ಹೋದರು.’

ಹುಡುಗ ಉತ್ಸಾಹದಿಂದ, ದೂರು ಬರೆದುಕೊಳ್ಳುವ ರೈಟರ್ ಕಡೆ ತಿರುಗಿ, ‘ಸರ್, ಇದು 304’ ಎನ್ನುತ್ತಾನೆ.

ರೈಟರ್ ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತಾರೆ. ‘ಹೆಣ ಎಲ್ಲಿದೆ?’

ತಪ್ಪು ರೈಟರದ್ದಲ್ಲ. ಇಪ್ಪತ್ತೈದು ವರ್ಷ ಅವರು ಬರೆದ 304 ಎಂದರೆ ಭಾರತೀಯ ದಂಡ ಸಂಹಿತೆಯ 304, ಕೊಲೆಯಲ್ಲದ ಮಾನವ ಹತ್ಯೆ. 2024ರ ಜುಲೈ 1ರಂದು 1860ರ ಸಂಹಿತೆ ಹೋಗಿ ಹೊಸದು ಬಂದಾಗ ಅದೇ ನಂಬರು ಕಿತ್ತುಕೊಂಡು ಓಡುವ ಅಪರಾಧಕ್ಕೆ ಸಿಕ್ಕಿತು. ಕೊಲೆಯ 302 ಈಗ 103. ಮೋಸದ 420 ಈಗ 318. ಊರಿನ ಚಾರ್‌ಸೌಬೀಸ್‌ಗಳೆಲ್ಲ ಒಂದೂವರೆ ಶತಮಾನದ ಬಿರುದನ್ನು ಒಂದೇ ರಾತ್ರಿಯಲ್ಲಿ ಕಳೆದುಕೊಂಡರು, ಪಾಪ, ಅವರ ದೂರನ್ನೂ ಯಾರೂ ದಾಖಲಿಸಲಿಲ್ಲ. ಈ ಬದಲಾವಣೆಗಾಗಿ ಸಿಬ್ಬಂದಿಗೆ ತರಬೇತಿಯನ್ನೂ ಕೊಟ್ಟರು. ಪ್ರೊಜೆಕ್ಟರ್ ಹಾಕಿ, ಎಡಗಡೆ ಹಳೆಯ ನಂಬರು ಬಲಗಡೆ ಹೊಸ ನಂಬರು ತೋರಿಸಿ, ಚಹಾ ಬಿಸ್ಕತ್ತು ಕೊಟ್ಟು ಕಳಿಸಿದರು. ಬಂದವರು ಪರದೆಯ ಫೋಟೊ ಹೊಡೆದುಕೊಂಡು ಮೊಬೈಲಿನಲ್ಲಿ ಇಟ್ಟುಕೊಂಡರು. ನ್ಯಾಯ ಈಗ ಗ್ಯಾಲರಿಯಲ್ಲಿದೆ, ಮೊಮ್ಮಗಳ ಹುಟ್ಟುಹಬ್ಬದ ಫೋಟೊಗಳ ಕೆಳಗೆ.

ಹೆಣವಿಲ್ಲವೆಂದು ಖಾತ್ರಿಯಾದ ಮೇಲೆ ರೈಟರ್ ಸಮಾಧಾನದಿಂದ ಕುಳಿತು, ಹುಡುಗನಿಗೆ ನಿಜವಾದ ತರಬೇತಿ ಶುರು ಮಾಡುತ್ತಾರೆ.

‘ಎಲ್ಲಿ ನಡೆದದ್ದಮ್ಮಾ?’

‘ರೈಲ್ವೆ ಗೇಟಿನ ಹತ್ತಿರ.’

‘ಗೇಟಿನ ಈಚೆಗೋ ಆಚೆಗೋ?’

‘ಗೇಟು ದಾಟುವಾಗಲೇ, ಅಣ್ಣಾ.’

‘ಹಾಗಾದರೆ ರೈಲ್ವೆ ಪೊಲೀಸರನ್ನು ಕೇಳಬೇಕಲ್ಲ.’

ಎಲ್ಲಿ ನಡೆದ ಅಪರಾಧವಾದರೂ ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು, ಅದನ್ನು ಬರೆದುಕೊಳ್ಳಲೇಬೇಕು ಎಂದು ಹೊಸ ಸುರಕ್ಷಾ ಸಂಹಿತೆಯ 173ನೇ ಕಲಮು ಹೇಳುತ್ತದೆ. ವಾರಂಟ್ ಇಲ್ಲದೆ ಬಂಧಿಸಬಹುದಾದಂಥ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲೇ ಹೇಳಿದೆ. ಹುಡುಗನಿಗೆ ಇವೆರಡೂ ಗೊತ್ತು, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದಾನೆ. ಬಾಯಿ ತೆರೆಯುತ್ತಾನೆ. ರೈಟರ್ ಅವನತ್ತ ನೋಡುತ್ತಾರೆ. ಬಾಯಿ ಮುಚ್ಚುತ್ತಾನೆ. ಇದು ಅವನ ವೃತ್ತಿಜೀವನದ ಮೊದಲ ಪಾಠ. ತರಬೇತಿ ಶಾಲೆಯ ಎಂಟೊಂಬತ್ತು ತಿಂಗಳು ಇಲ್ಲಿಗೆ ಸಮಾಪ್ತಿ.

ಮುಂದಿನದು ಶುದ್ಧ ಕಸುಬುದಾರಿಕೆ. ಬಿಲ್ ಇದೆಯೇ? ಬಾಕ್ಸ್ ಇದೆಯೇ? ಸಿಮ್ ಯಾರ ಹೆಸರಿನಲ್ಲಿದೆ? ಗಂಡನ ಹೆಸರಿನಲ್ಲೇ? ಹಾಗಾದರೆ ಗಂಡ ಬರಲಿ. ಕೇಸ್ ಮಾಡಿದರೆ ಕೋರ್ಟಿಗೆ ಅಲೆಯಬೇಕು, ಘಟಕದಲ್ಲಿ ರಜೆ ಕೊಡುತ್ತಾರೆಯೇ? ಕೊನೆಗೆ ರೈಟರ್ ತಂದೆಯಂತೆ ಮೃದುವಾಗಿ, ‘ಕಳೆದುಹೋದ ವಸ್ತುಗಳ ಇ-ಲಾಸ್ಟ್ ಆ್ಯಪ್‌ನಲ್ಲಿ ಹಾಕಿಬಿಡು ತಾಯಿ, ಸಿಕ್ಕರೆ ಕರೆದು ಕೊಡುತ್ತೇವೆ’ ಎನ್ನುತ್ತಾರೆ. ಕಿತ್ತುಕೊಂಡು ಹೋದ ಮೊಬೈಲ್ ಹೀಗೆ ಬಿದ್ದುಹೋದ ಮೊಬೈಲ್ ಆಗುತ್ತದೆ. ಒಬ್ಬ ಕಳ್ಳ ನಿರಪರಾಧಿಯಾಗುತ್ತಾನೆ, ಒಬ್ಬ ಹೆಣ್ಣುಮಗಳು ಅಜಾಗರೂಕಳಾಗುತ್ತಾಳೆ, ಜಿಲ್ಲೆಯ ಅಪರಾಧಗಳ ಪಟ್ಟಿಯಲ್ಲಿ ಒಂದು ಸಾಲು ಉಳಿತಾಯವಾಗುತ್ತದೆ. ಆರು ತಿಂಗಳ ನಂತರ ಸಿಕ್ಕ ಮೊಬೈಲ್‌ಗಳನ್ನೆಲ್ಲ ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಪತ್ರಿಕಾಗೋಷ್ಠಿ ಕರೆದು, ವಾರಸುದಾರರಿಗೆ ಒಪ್ಪಿಸುತ್ತಾರೆ. ಜಿಲ್ಲೆಯ ಜನ ಅದೆಷ್ಟು ಮೊಬೈಲ್ ಬೀಳಿಸಿಕೊಂಡು ತಿರುಗುತ್ತಾರೆ ಎಂದು ಫೋಟೊ ನೋಡಿದವರು ಬೆರಗಾಗಬೇಕು.

ಶೋಧನೆ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕೆಂಬ ಹೊಸ ನಿಯಮವೂ ಬಂದಿದೆ. ಒಳ್ಳೆಯದೇ. ಆದರೆ ಪಂಚನಾಮೆಗೆ ಪಂಚನಾಗಿ ಈಗಲೂ ಸಹಿ ಹಾಕುವವನು ಠಾಣೆಯೆದುರಿನ ಚಹಾ ಅಂಗಡಿಯ ಹುಡುಗನೇ ಆದರೆ, ವಿಡಿಯೊದಲ್ಲಿ ಅವನು ಒಂದು ಕೈಯಲ್ಲಿ ಚಹಾದ ಕಪ್ಪು ಹಿಡಿದೇ ಕಾಣಿಸಿಕೊಳ್ಳುತ್ತಾನೆ ಎಂಬುದಷ್ಟೇ ತೊಡಕು. ಎಷ್ಟು ಪ್ರಕರಣ ಕಂಡಿದ್ದಾನೆಂದರೆ, ಕಲಮುಗಳ ವಿಷಯದಲ್ಲಿ ಅನುಮಾನ ಬಂದರೆ ಹೊಸ ಸಿಬ್ಬಂದಿ ಅವನನ್ನೇ ಕೇಳಬಹುದು.

ಬಂಗಲೆಗೆ ಬರೋಣ. ತರಬೇತಿ ಮುಗಿದ ದಿನ ನಿರ್ಗಮನ ಪಥಸಂಚಲನ ನೋಡಲು ಹಳ್ಳಿಯಿಂದ ತಾಯಂದಿರು ಬಂದಿರುತ್ತಾರೆ. ಮಗ ಕೈ ಬೀಸಿ, ಎದೆ ಸೆಟೆಸಿ, ವೇದಿಕೆಯ ಕಡೆ ಕತ್ತು ಹೊರಳಿಸಿ ನಡೆಯುವುದನ್ನು ಕಂಡು ಕಣ್ಣೊರೆಸಿಕೊಳ್ಳುತ್ತಾರೆ. ಆ ಮಗ ಆಮೇಲೆ ಎಲ್ಲಿದ್ದಾನೆಂದು ಕೇಳಿದರೆ ಕಾಗದದಲ್ಲಿ ಸಿಗುವ ಉತ್ತರ ‘ಒಒಡಿ’, ಅಂದರೆ ಅನ್ಯ ಕರ್ತವ್ಯ. ಆ ಅನ್ಯ ಕರ್ತವ್ಯವು ಸಾಹೇಬರ ಬಂಗಲೆಯ ಗೇಟಿನಿಂದ ಶುರುವಾಗಿ, ಹಿತ್ತಲಿನ ಹೂಗಿಡಗಳನ್ನು ಹಾದು, ತರಕಾರಿ ಮಾರುಕಟ್ಟೆಯಲ್ಲಿ ಸೊಪ್ಪಿನ ಕಟ್ಟಿಗೆ ಚೌಕಾಸಿ ಮಾಡಿ, ಶಾಲೆಯ ಗೇಟಿನಲ್ಲಿ ಮಕ್ಕಳ ಬ್ಯಾಗ್ ಹೊತ್ತು, ಸಂಜೆ ನಾಯಿಯ ಸರಪಳಿಯಲ್ಲಿ ಮುಗಿಯುತ್ತದೆ. ಸಾಹೇಬರ ನಾಯಿಯ ದರ್ಜೆ ಯಾವುದೆಂದು ಪೊಲೀಸ್ ಕೈಪಿಡಿಯಲ್ಲಿ ಬರೆದಿಲ್ಲ. ಆದರೆ ಅದು ಕಂಬದ ಬಳಿ ನಿಂತರೆ ತಾನೂ ನಿಲ್ಲಬೇಕು, ಅದು ಹೊರಟರೆ ತಾನೂ ಹೊರಡಬೇಕು ಎಂಬುದು ಗೊತ್ತಿರುವ ಮೇಲೆ, ದರ್ಜೆಯನ್ನು ಬೇರೆ ಬರೆಯಬೇಕಾಗಿಯೂ ಇಲ್ಲ. ಸಾವಧಾನ್, ವಿಶ್ರಾಮ್‌ಗಳನ್ನು ಇಷ್ಟು ನಿಷ್ಠೆಯಿಂದ ಪಾಲಿಸುವ ಜಾಗ ಕವಾಯತು ಮೈದಾನದಲ್ಲೂ ಇಲ್ಲ.

ಪಕ್ಕದ ತಮಿಳುನಾಡು ಈ ಆರ್ಡರ್ಲಿ ಪದ್ಧತಿಯನ್ನು 1979ರಲ್ಲೇ ಸರ್ಕಾರಿ ಆದೇಶ ಹೊರಡಿಸಿ ರದ್ದು ಮಾಡಿತು. ಎಷ್ಟು ಚೆನ್ನಾಗಿ ರದ್ದಾಯಿತೆಂದರೆ, 2022ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ರದ್ದು ಮಾಡಿ ಎಂದು ಮತ್ತೊಮ್ಮೆ ಹೇಳಬೇಕಾಯಿತು. ನಮ್ಮಲ್ಲೂ ರದ್ದಿನ ಮಾತು ಆಗಾಗ ಬರುತ್ತದೆ. ಆ ಮಾತಿರುವ ಕಡತವನ್ನು ಸಾಹೇಬರ ಕೊಠಡಿಗೆ ತಂದಿಡುವವನೂ ಆರ್ಡರ್ಲಿಯೇ ಆಗಿರುವುದರಿಂದ ಸ್ವಲ್ಪ ಮುಜುಗರವಾಗುತ್ತದೆ, ಅಷ್ಟೇ.

ಸಬ್ ಇನ್‌ಸ್ಪೆಕ್ಟರ್‌ಗಳ ವಿಷಯ ಬೇರೆ. ಅವರಲ್ಲಿ ಕೆಲವರಿಗೆ ಆಯ್ಕೆಗೆ ಮುಂಚೆಯೇ ತರಬೇತಿ ಮುಗಿದಿರುತ್ತದೆ. 2021ರ ಅಕ್ಟೋಬರ್‌ನಲ್ಲಿ 545 ಹುದ್ದೆಗಳಿಗೆ ನಡೆದ ಪರೀಕ್ಷೆಯ ಬಗ್ಗೆ ಕಲಬುರಗಿಯಿಂದ ಹೊರಬಿದ್ದ ಕಥೆ ನೆನಪಿರಬೇಕು. ಕಿವಿಯೊಳಗೆ ಬ್ಲೂಟೂತ್, ಪರೀಕ್ಷೆ ಮುಗಿದ ಮೇಲೆ ತುಂಬಿದ ಒಎಂಆರ್ ಹಾಳೆ. 2022ರ ಏಪ್ರಿಲ್‌ನಲ್ಲಿ ಪರೀಕ್ಷೆಯನ್ನೇ ರದ್ದು ಮಾಡಿದರು. ಜುಲೈನಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಅಧಿಕಾರಿಯನ್ನೇ ಸಿಐಡಿ ಬಂಧಿಸಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನಡುವೆ ನಿಯತ್ತಿನಿಂದ ಓದಿ ಬರೆದವರಿಗೆ ಕಾಯುವ ತರಬೇತಿ ಸಿಕ್ಕಿತು, ಅದನ್ನು ಇಲಾಖೆಯ ಮೂಲಭೂತ ಕೌಶಲವೆಂದೇ ತಿಳಿಯಬೇಕು. ಸಾಕ್ಷ್ಯ ತಿದ್ದುವುದು ಹೇಗೆ, ತಂತ್ರಜ್ಞಾನ ಬಳಸುವುದು ಹೇಗೆ, ಮೇಲಿನವರ ಜೊತೆ ಹೊಂದಿಕೊಳ್ಳುವುದು ಹೇಗೆ ಎಂಬುದನ್ನು ಅಕಾಡೆಮಿಯ ಮೆಟ್ಟಿಲು ಹತ್ತುವ ಮುನ್ನವೇ ಸ್ವಂತ ಖರ್ಚಿನಲ್ಲಿ ಕಲಿಯಲು ಹೊರಟ ಅಭ್ಯರ್ಥಿಗಳು ಜಗತ್ತಿನ ಬೇರಾವ ಇಲಾಖೆಗೆ ಸಿಕ್ಕಾರು?

ಸೇವೆಯಲ್ಲಿರುವವರಿಗೂ ಪುನಶ್ಚೇತನ ತರಬೇತಿ ಎಂಬುದೊಂದಿದೆ. ಠಾಣೆಯಿಂದ ಒಬ್ಬರನ್ನು ಕಳಿಸಿ ಎಂದು ಆದೇಶ ಬಂದಾಗ ತನಿಖೆ ಬಲ್ಲವನನ್ನು ಕಳಿಸಿದರೆ ತನಿಖೆ ನಿಲ್ಲುತ್ತದೆ, ಕಂಪ್ಯೂಟರ್ ಬಲ್ಲವಳನ್ನು ಕಳಿಸಿದರೆ ಠಾಣೆಯೇ ನಿಲ್ಲುತ್ತದೆ. ಹೀಗಾಗಿ ನಿವೃತ್ತಿಗೆ ಮೂರು ತಿಂಗಳಿರುವ, ಮಂಡಿನೋವಿನ ಎಎಸ್‌ಐ ಒಬ್ಬರು ಸೈಬರ್ ಅಪರಾಧ, ಡ್ರೋನ್, ವಿಧಿವಿಜ್ಞಾನ ಮೂರರಲ್ಲೂ ಪ್ರಮಾಣಪತ್ರ ಪಡೆದು ಬರುತ್ತಾರೆ. ಮನೆಗೆ ಹೋದ ಮೇಲೆ ಅವುಗಳನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ, ಮೊಮ್ಮಕ್ಕಳಿಗೆ ಹೆಮ್ಮೆ.

ಎಲ್ಲಕ್ಕಿಂತ ದೊಡ್ಡದು ಜನಸ್ನೇಹಿ ಪೊಲೀಸ್ ಕಾರ್ಯಾಗಾರ. ಸಾರ್ವಜನಿಕರೊಂದಿಗೆ ಸೌಜನ್ಯದಿಂದ ವರ್ತಿಸುವುದು ಹೇಗೆ ಎಂದು ಕಾನ್ಸ್‌ಟೆಬಲ್‌ಗಳಿಗೆ ಕಲಿಸುವ ಒಂದು ದಿನದ ಕಾರ್ಯಕ್ರಮ. ಉದ್ಘಾಟನೆಗೆ ಸಚಿವರು, ಅಧ್ಯಕ್ಷತೆಗೆ ಶಾಸಕರು, ಉಪನ್ಯಾಸಕ್ಕೆ ಬೆಂಗಳೂರಿನ ಸಂಪನ್ಮೂಲ ವ್ಯಕ್ತಿ. ಸಚಿವರು ಬರುತ್ತಾರೆಂದ ಮೇಲೆ ಬಂದೋಬಸ್ತ್ ಬೇಕು. ಬಂದೋಬಸ್ತ್‌ಗೆ ಕಾನ್ಸ್‌ಟೆಬಲ್‌ಗಳು ಬೇಕು. ಆದ್ದರಿಂದ ತರಬೇತಿ ಪಡೆಯಬೇಕಾದವರನ್ನೆಲ್ಲ ಬೆಳಿಗ್ಗೆಯೇ ಸಭಾಂಗಣದ ಹೊರಗೆ, ರಸ್ತೆಯುದ್ದಕ್ಕೂ ನಿಲ್ಲಿಸುತ್ತಾರೆ. ಒಳಗೆ ಕುರ್ಚಿಗಳು ಖಾಲಿ ಕಂಡರೆ ಚೆನ್ನಾಗಿರುವುದಿಲ್ಲವೆಂದು ಹತ್ತಿರದ ಹಾಸ್ಟೆಲ್‌ನಿಂದ ಹುಡುಗರನ್ನು ಕರೆತಂದು ಕೂರಿಸುತ್ತಾರೆ. ಸೌಜನ್ಯದ ಬಗ್ಗೆ ಎರಡು ಗಂಟೆ ಉಪನ್ಯಾಸ ಕೇಳಿದ ಆ ಹುಡುಗರು ಉಪ್ಪಿಟ್ಟು ತಿಂದು ಹೊರಗೆ ಬಂದಾಗ, ರಸ್ತೆ ದಾಟಲು ಹೋದವರನ್ನು ಕಾನ್ಸ್‌ಟೆಬಲ್ ಒಬ್ಬ ಲಾಠಿ ಅಡ್ಡ ಹಿಡಿದು ತಡೆಯುತ್ತಾನೆ. ‘ಏಯ್, ಎಲ್ಲಿಗೆ? ಹಿಂದಕ್ಕೆ ಸರಿಯಿರಿ, ಸಾಹೇಬರ ಗಾಡಿ ಇನ್ನೂ ಹೊರಟಿಲ್ಲ.’

ಹಾಜರಿ ಪುಸ್ತಕದಲ್ಲಿ ಅವನ ಸಹಿ ಇದೆ. ಸಂಜೆ ಅವನಿಗೆ ಪ್ರಮಾಣಪತ್ರವನ್ನೂ ಕೊಟ್ಟರು.