ನಿಂತ ಲಾರಿಗೆ ಮೊದಲ ರ‍್ಯಾಂಕ್

ಅಮೆರಿಕದಲ್ಲಿ ಲಾರಿಗಳು ಸಿಕ್ಕಿಬೀಳುವ ಜಾಗಗಳಿಗೆ ಪ್ರತಿವರ್ಷ ರ‍್ಯಾಂಕ್ ಪಟ್ಟಿ ಬರುತ್ತದಲ್ಲ, 2025ರಲ್ಲೂ ನ್ಯೂಜೆರ್ಸಿಯ ಫೋರ್ಟ್ ಲೀ ಮೊದಲ ಸ್ಥಾನವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ನ್ಯೂಯಾರ್ಕಿಗೆ ದಾಟಿಸುವ ಜಾರ್ಜ್ ವಾಷಿಂಗ್ಟನ್ ಸೇತುವೆಯ ಬುಡದಲ್ಲಿರುವ ಈ ಪ್ರತಿಭಾವಂತ ಜಂಕ್ಷನ್ ಅಷ್ಟರಲ್ಲಾಗಲೇ ವರ್ಷಗಳಿಂದ ಕೂತಲ್ಲೇ ಕೂತಿತ್ತು. ಅಭಿನಂದನೆಗಳು.

ಪಟ್ಟಿ ಮಾಡಿದವರದೇ ಇನ್ನೊಂದು ಲೆಕ್ಕವಿದೆ. 2022ರಲ್ಲಿ ಜಾಮ್‌ನಿಂದ ಅಲ್ಲಿನ ಲಾರಿ ಉದ್ಯಮಕ್ಕೆ ಬಿದ್ದ ಹೊರೆ 10,880 ಕೋಟಿ ಡಾಲರ್. ದಂಡವಾದ ಡೀಸೆಲ್ 640 ಕೋಟಿ ಗ್ಯಾಲನ್. ಹಾಳಾದ ಹೊತ್ತು, 4.35 ಲಕ್ಷ ಡ್ರೈವರುಗಳು ವರ್ಷವಿಡೀ ಸುಮ್ನೆ ಕೂತದ್ದಕ್ಕೆ ಸಮ. ಇತ್ತ ಅದೇ ಉದ್ಯಮ ಡ್ರೈವರು ಸಿಗುತ್ತಿಲ್ಲ ಎಂದು ಗೋಳಾಡುತ್ತದೆ. ಸಿಗ್ತಾರೆ ಸ್ವಾಮಿ, ಸೇತುವೆ ಹತ್ತಿರ ಹೋಗಿ ನೋಡಿ.

ಪರಿಹಾರ ಎಲ್ಲರಿಗೂ ಬಾಯಿಪಾಠ: ರಸ್ತೆ ಅಗಲ ಮಾಡಿ. ಹ್ಯೂಸ್ಟನ್ನಿನ ಕೇಟಿ ಫ್ರೀವೇ ಎಂಬ ಹೆದ್ದಾರಿಯನ್ನು 2008ರ ಹೊತ್ತಿಗೆ ಮಾಡಿಯೂ ಮುಗಿಸಿದರು. ಸರ್ವಿಸ್ ರಸ್ತೆ ಸೇರಿಸಿದರೆ ಕೆಲವೆಡೆ 26 ಲೇನ್. ಕೆಲವೇ ವರ್ಷದಲ್ಲಿ ಅದೂ ತುಂಬಿತು. ಖಾಲಿ ರಸ್ತೆ ಕಂಡರೆ ಮನೆಯಲ್ಲಿದ್ದವರಿಗೂ ಎಲ್ಲಿಗಾದರೂ ಹೋಗೋಣ ಅನ್ನಿಸುತ್ತದೆ, ಅಲ್ವಾ?

ಜಾಮ್‌ಗೆ ಕಾರಣವೇ ಬೇಕಾಗಿಲ್ಲ ಅನ್ನುವುದು ಇನ್ನೂ ಮಜಾ. ಜಪಾನಿನ ವಿಜ್ಞಾನಿಗಳು 230 ಮೀಟರಿನ ದುಂಡು ರಸ್ತೆಯಲ್ಲಿ 22 ಕಾರು ಬಿಟ್ಟು, ಒಂದೇ ವೇಗದಲ್ಲಿ ಹೋಗಿ ಎಂದರು. ಗುಂಡಿಯಿಲ್ಲ, ಸಿಗ್ನಲ್ಲಿಲ್ಲ, ಅಪಘಾತವಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ಜಾಮ್! 2008ರಲ್ಲಿ ಇದು ಪ್ರಕಟವೂ ಆಯಿತು. ಒಬ್ಬ ಚೂರು ಬ್ರೇಕ್ ಒತ್ತಿದರೆ ಹಿಂದಿನವನು ಇನ್ನಷ್ಟು ಒತ್ತುತ್ತಾನೆ, ಅವನ ಹಿಂದಿನವನು ನಿಂತೇ ಬಿಡುತ್ತಾನೆ. ಇದನ್ನು ಓದದೆಯೇ ಬಲ್ಲವನು ಲಾರಿ ಡ್ರೈವರು. 36 ಟನ್ನನ್ನು ನಿಲ್ಲಿಸಿ ಮತ್ತೆ ಎಬ್ಬಿಸುವ ಕಷ್ಟ ಅವನಿಗೇ ಗೊತ್ತು. ಅದಕ್ಕೇ ಮುಂದೆ ಒಂದಿಷ್ಟು ಜಾಗ ಬಿಟ್ಟು ಮೆಲ್ಲಗೆ ಉರುಳಿಸುತ್ತಾನೆ. ಆ ಜಾಗ ಕಂಡದ್ದೇ ತಡ, ಪಕ್ಕದ ಕಾರು ಮೂಗು ತೂರಿಸುತ್ತದೆ. ಲಾರಿ ಬುಸ್ ಎಂದು ನಿಲ್ಲುತ್ತದೆ. ಕಾರಿನವನು ಗಾಜು ಏರಿಸಿಕೊಂಡು ಲಾರಿ ಹೊಗೆಯನ್ನು ಬೈಯುತ್ತಾನೆ.

ಆ ಹೊಗೆಯದೂ ಒಂದು ಕಥೆ. ಹೊಸ ಲಾರಿಗಳ ಸೈಲೆನ್ಸರ್ ದಾರಿಯಲ್ಲಿ ಒಂದು ದುಬಾರಿ ಡಬ್ಬಿ ಇರುತ್ತದೆ. ಯೂರಿಯಾ ನೀರು ಚಿಮುಕಿಸಿ ನೈಟ್ರೋಜನ್ ಆಕ್ಸೈಡುಗಳನ್ನು ತೊಳೆಯುವುದು ಅದರ ಕೆಲಸ. ಆದರೆ ಸುಮಾರು 200 ಡಿಗ್ರಿ ಬಿಸಿ ಇಲ್ಲದಿದ್ದರೆ ಮಹಾಶಯರು ಸರಿಯಾಗಿ ಎದ್ದೇಳುವುದಿಲ್ಲ. ಹತ್ತಡಿ ಸರಿದು ಹತ್ತು ನಿಮಿಷ ನಿಂತರೆ ಬಿಸಿ ಎಲ್ಲಿಂದ ಬರಬೇಕು? ಗಾಳಿ ಶುದ್ಧವಾಗಲಿ ಎಂದು ಕಾಸು ಸುರಿದು ಡಬ್ಬಿ ತಂದೆವು. ತಂದು ಜಾಮ್‌ನಲ್ಲಿ ಮಲಗಿಸಿದೆವು.

ನಗುವುದಕ್ಕೂ ಸುಸ್ತಾಗುತ್ತದೆ. ಅಮೆರಿಕದಲ್ಲಿ ಎಷ್ಟೋ ಡ್ರೈವರುಗಳಿಗೆ ಸಂಬಳ ಮೈಲಿ ಲೆಕ್ಕದಲ್ಲಿ. ಚಕ್ರ ನಿಂತರೆ ದುಡ್ಡಿಲ್ಲ. ಕಾನೂನಿನ ಪ್ರಕಾರ ಒಂದು ಪಾಳಿಯಲ್ಲಿ 11 ಗಂಟೆಗಿಂತ ಜಾಸ್ತಿ ಓಡಿಸುವಂತಿಲ್ಲ, ಜಾಮ್‌ನಲ್ಲಿ ತೆವಳಿದ ಹೊತ್ತೂ ಅದರಲ್ಲೇ ಸೇರುತ್ತದೆ. ಆ ಹೊತ್ತು ದುಡ್ಡಿನ ಲೆಕ್ಕಕ್ಕಿಲ್ಲ, ಗಡಿಯಾರದ ಲೆಕ್ಕಕ್ಕಿದೆ. ಇದು ಅನ್ಯಾಯ, ಬೇರೆ ಹೆಸರಿಲ್ಲ. ಊರು ಇನ್ನೊಂದೇ ಗಂಟೆ ಎನ್ನುವಾಗ ಅವಧಿ ಮುಗಿಯುತ್ತದೆ. ಲಾರಿ ನಿಲ್ಲಿಸುವ ಜಾಗಗಳೆಲ್ಲ ಭರ್ತಿ. ಹೆದ್ದಾರಿ ಅಂಚಿನಲ್ಲೇ ನಿಲ್ಲಿಸಿ, ಚಳಿಗೆ ಎಂಜಿನ್ ಆನ್ ಇಟ್ಟು ಮಲಗುತ್ತಾನೆ.

ಬೆಳಿಗ್ಗೆ ಯಾರೋ ಅದರ ಫೋಟೋ ಹಾಕಿರುತ್ತಾರೆ: ‘ಜಾಮ್‌ಗೆಲ್ಲ ಈ ಲಾರಿಗಳೇ ಕಾರಣ.’