ಶುಲ್ಕ ಏರುತ್ತೆ ಅಂತ ಬರೆದ ಸಾಲನ್ನೇ ತೆಗೆಸಿದರು, ಈಗ ನನ್ನನ್ನೇ ಕೇಳ್ತಾರೆ

ಮೀಟಿಂಗ್ ಮುಗಿಸಿ ಈಗಷ್ಟೇ ಸೀಟಿಗೆ ಬಂದೆ. ತಲೆ ಕಾದು ಹೋಗಿದೆ. "ಇದೆಲ್ಲ ನಿಮಗೆ ಮೊದಲೇ ಗೊತ್ತಿರಬೇಕಿತ್ತಲ್ವಾ?" ಅಂತೆ. ನನಗೆ! ಅಷ್ಟೂ ಜನರ ಮುಂದೆ!

ಕಂಪನಿಯ ಪೇಟೆಂಟ್, ಟ್ರೇಡ್‌ಮಾರ್ಕ್‌ಗಳನ್ನು ಉಳಿಸಿಕೊಳ್ಳೋಕೆ ಸರ್ಕಾರಗಳಿಗೆ ಕಟ್ಟುವ ಶುಲ್ಕದ ಬಜೆಟ್ ಶೀಟ್ ಮಾಡಿದ್ದೇ ನಾನು. ಯಾವ ಪೇಟೆಂಟ್, ಯಾವ ಟ್ರೇಡ್‌ಮಾರ್ಕ್, ಯಾವ ದೇಶ, ಯಾವಾಗ, ಎಷ್ಟು, ಒಂದೊಂದಾಗಿ ಕೂತು ಹಾಕಿದ್ದೆ. ಕೊನೆಯಲ್ಲಿ ಹಳದಿ ಬಣ್ಣದಲ್ಲಿ ಒಂದು ಸಾಲು: "ಸರ್ಕಾರಿ ಶುಲ್ಕ ಏರಿದರೆ ಬೇಕಾಗುವ ಮೊತ್ತ". ಬಜೆಟ್ ಒಪ್ಪಿಗೆಗೆ ಹೋದಾಗ ಅದನ್ನು ತೆಗೆಸಿದರು. "ಏರಿದರೆ ಗೀರಿದರೆ ಅಂತ ದುಡ್ಡು ಎತ್ತಿಡೋಕಾಗಲ್ಲ, ಏರಿದಾಗ ನೋಡೋಣ." ಈಗ ಏರಿದೆ.

ಇವು ರಾತ್ರೋರಾತ್ರಿ ಏರುವುದಿಲ್ಲ ಸ್ವಾಮಿ. ಅಮೆರಿಕದ್ದೇ ನೋಡಿ. 2024ರ ಏಪ್ರಿಲ್‌ನಲ್ಲಿ ಪ್ರಸ್ತಾವ ಬಂತು, ನವೆಂಬರ್‌ನಲ್ಲಿ ಅಂತಿಮ ಆಯಿತು, 2025ರ ಜನವರಿ 19ಕ್ಕೆ ಜಾರಿ. ಪೇಟೆಂಟ್ ಸಿಕ್ಕ ಹನ್ನೊಂದೂವರೆ ವರ್ಷಕ್ಕೆ ಅದನ್ನು ಉಳಿಸಿಕೊಳ್ಳೋಕೆ ಕಟ್ಟುವ ಶುಲ್ಕ ರಿಯಾಯಿತಿ ಇಲ್ಲದವರಿಗೆ 7,700 ಡಾಲರ್ ಇದ್ದದ್ದು 8,280 ಆಯಿತು. ಇದನ್ನೂ ಮೇಲ್‌ನಲ್ಲಿ ಬರೆದಿದ್ದೆ. ಇನ್ನೊಂದನ್ನೂ ಬರೆದಿದ್ದೆ: ಪೇಟೆಂಟಿನ ಆಯುಷ್ಯ 20 ವರ್ಷ, ಎಷ್ಟೋ ದೇಶಗಳಲ್ಲಿ ಅದಕ್ಕೆ ವಯಸ್ಸಾದ ಹಾಗೆಲ್ಲ ನವೀಕರಣ ಶುಲ್ಕವೂ ಏರುತ್ತಾ ಹೋಗುತ್ತೆ, ಅಂದರೆ ದರಪಟ್ಟಿ ಬದಲಾಗದೇ ಇದ್ದರೂ ನಮ್ಮ ಬಿಲ್ ಜಾಸ್ತಿನೇ. ಓದಿದವರು ಯಾರು?

ಇವತ್ತು ಅದೇ ಶೀಟನ್ನು ಪರದೆ ಮೇಲೆ ಹಾಕಿದರು. ನಿಧಾನವಾಗಿ ಕೆಳಗೆ ಇಳಿಸುತ್ತಾ ಬಂದು ಮೊತ್ತದ ಮೇಲೆ ಕರ್ಸರ್ ನಿಲ್ಲಿಸಿ, "ಹೋದ ವರ್ಷದ್ದನ್ನೇ ಕಾಪಿ ಮಾಡಿಬಿಟ್ಟಿದ್ದೀರಾ?" ಅಂದರು. ಆ ಸಾಲು ತೆಗೆಸಿದವರು ಅಲ್ಲೇ, ನನ್ನ ಎದುರಿಗೇ ಕೂತಿದ್ದರು, ಫೋನ್ ನೋಡುತ್ತಾ. ತಲೆ ಎತ್ತಲಿಲ್ಲ. ನಾನು "ಸರ್, ಅಲ್ಲೊಂದು ಸಾಲು ಇತ್ತು" ಅಂತ ಶುರು ಮಾಡುವಷ್ಟರಲ್ಲಿ ಇನ್ನೊಬ್ಬರು, "ಏರೋಕೆ ಮುಂಚೆ ಎಲ್ಲ ಕಟ್ಟಿಬಿಡಬಹುದಿತ್ತಲ್ಲ?" ಕಟ್ಟೋಕಾಗಲ್ಲ! ಎಷ್ಟು ಮುಂಚೆ ಕಟ್ಟಬಹುದು ಅನ್ನೋದಕ್ಕೂ ನಿಯಮ ಇದೆ, ಆ ಅಮೆರಿಕದ ಶುಲ್ಕವನ್ನೇ 11 ವರ್ಷ ತುಂಬುವ ಮೊದಲು ತಗೊಳ್ಳಲ್ಲ. ಅದನ್ನು ಹೇಳಲು ಬಾಯಿ ತೆರೆದರೆ, "ಡೀಟೇಲ್ಸ್ ಬೇಡ" ಅಂತ ಕೈ ಅಡ್ಡ ಹಿಡಿದರು. ಕೈ ಅಡ್ಡ! ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಾಯಿ ಮುಚ್ಚಿ ಕೂತೆ.

ಹೋಗಲಿ, ದುಡ್ಡು ಅವರದ್ದು, ನನಗ್ಯಾಕೆ ಅಂತ ಅನ್ನಿಸುತ್ತೆ. ಇಲ್ಲ, ಹೋಗಲಿ ಅನ್ನೋಕಾಗಲ್ಲ. ಯಾಕಂದ್ರೆ ಕೊನೆಗೆ ತೀರ್ಮಾನ ಆಗಿದ್ದು ಏನು ಗೊತ್ತಾ? ಕೆಲವು ಪೇಟೆಂಟ್ ಬಿಟ್ಟುಬಿಡೋದು. ಉಳಿದವನ್ನು ಗಡುವು ದಾಟಿದ ಮೇಲೆ ಸಿಗುವ ಆರು ತಿಂಗಳಲ್ಲಿ ಕಟ್ಟೋದು. ಆ ಆರು ತಿಂಗಳಿಗೆ ದಂಡ ಬೇರೆ ಇದೆ! ಏರಿದ ಶುಲ್ಕಕ್ಕೆ ದುಡ್ಡಿಲ್ಲ, ಅದರ ಮೇಲಿನ ದಂಡಕ್ಕೆ ಇದೆ. ಬಿಡುವ ಪಟ್ಟಿಯನ್ನು ನಾನೇ ಮಾಡಬೇಕಂತೆ. ವರ್ಷಗಟ್ಟಲೆ ಒದ್ದಾಡಿ ಅದನ್ನೆಲ್ಲ ಕಂಡುಹಿಡಿದ ಹುಡುಗರು ಪಕ್ಕದ ಸಾಲಿನಲ್ಲೇ ಕೂತಿದ್ದಾರೆ, ಅವರಿಗೆ ಏನಂತ ಹೇಳಲಿ?

ಮಾಡ್ತೀನಿ ಬಿಡಿ, ಮಾಡದೆ ಇನ್ನೇನು. ಆದರೆ ಇದೇ ಕೆಲಸ ಮಾಡೋರು ಯಾರಾದರೂ ಇದ್ದರೆ ದಯವಿಟ್ಟು ಉತ್ತರ ಕೊಡಿ. ಶುಲ್ಕ ಏರುತ್ತೆ ಅಂತ ದುಡ್ಡು ಎತ್ತಿಡೋಕೆ ನಿಮ್ಮಲ್ಲಿ ಒಪ್ತಾರಾ? ಒಪ್ಪದೆ ಆ ಸಾಲು ತೆಗೆಸಿದರೆ, ತೆಗೆಸಿದವರ ಹೆಸರನ್ನು ಅಲ್ಲೇ ಬರೆದಿಡ್ತೀರಾ? ನಾನು ಮುಂದಿನ ಶೀಟ್‌ನಲ್ಲಿ ಬರೆದೇ ಬರೀತೀನಿ.