ಅಓರೀತಾ ಅಂದ್ರೆ ಯಾವಾಗ?

ಸ್ಪ್ಯಾನಿಷ್ ನಿಘಂಟು ಬರೆದವರ ಮೇಲೆ ನನ್ನದೊಂದು ತಕರಾರಿದೆ. ‘ಅಓರೀತಾ’ ಎಂಬ ಪದದ ಮುಂದೆ ‘ಈಗಲೇ, ಈ ಕ್ಷಣವೇ’ ಎಂದು ಬರೆದು ಕೈ ತೊಳೆದುಕೊಂಡಿದ್ದಾರೆ. ಆ ಸಾಲನ್ನು ನಂಬಿಕೊಂಡ ಹತ್ತೊಂಬತ್ತರ ಹುಡುಗನೊಬ್ಬ ಟೈ ಕಟ್ಟಿಕೊಂಡು, ಲಾಸ್ ಏಂಜಲಿಸ್ ಪಕ್ಕದ, ಸ್ಪ್ಯಾನಿಷ್ ಮಾತಾಡುವವರೇ ತುಂಬಿರುವ ಹಂಟಿಂಗ್ಟನ್ ಪಾರ್ಕ್‌ನ ಯಾರದೋ ಮನೆಯ ಮೆಟ್ಟಿಲ ಮೇಲೆ ನಲವತ್ತು ನಿಮಿಷ ನಿಂತಿರುತ್ತಾನೆ. ಒಳಗಿನಿಂದ ‘ಅಓರೀತಾ ಸಾಲ್ಗೊ’, ಈಗ ಬಂದೆ, ಎಂಬ ದನಿ ಬಂದಿರುತ್ತದೆ. ದನಿಯ ಹಿಂದೆ ಮನುಷ್ಯರು ಮಾತ್ರ ಬಂದಿರುವುದಿಲ್ಲ.

ಈ ಹುಡುಗನನ್ನು ನೀವು ನೋಡಿಯೇ ಇರುತ್ತೀರಿ, ಬೆಂಗಳೂರಿನಲ್ಲೂ ಇವರ ಮಿಷನ್ ಇದೆ. ಬಿಳಿ ಅಂಗಿ, ಎದೆಯ ಮೇಲೆ ಕಪ್ಪು ಬ್ಯಾಡ್ಜು, ಪಕ್ಕದಲ್ಲಿ ಅವನಂಥದೇ ಇನ್ನೊಬ್ಬ. ಮಾರ್ಮನ್ ಮಿಷನರಿ, ಅಂದರೆ ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಸಭೆಯ ಪ್ರಚಾರಕ. ‘ಮಾರ್ಮನ್’ ಅನ್ನಬೇಡಿ, ಸಭೆಯ ಪೂರ್ತಿ ಹೆಸರು ಹೇಳಿ ಎಂದು 2018ರಲ್ಲಿ ಅವರ ಆಗಿನ ಅಧ್ಯಕ್ಷರೇ ಅಪ್ಪಣೆ ಕೊಡಿಸಿದ್ದಾರೆ. ಸ್ಪ್ಯಾನಿಷ್‌ನಲ್ಲಿ ಆ ಪೂರ್ತಿ ಹೆಸರು ‘ಲಾ ಇಗ್ಲೇಸಿಯಾ ದೆ ಹೇಸುಕ್ರಿಸ್ತೊ ದೆ ಲೋಸ್ ಸಾಂತೋಸ್ ದೆ ಲೋಸ್ ಉಲ್ತಿಮೋಸ್ ದಿಯಾಸ್’, ಅಂದರೆ ಅಂತ್ಯದಿನಗಳ ಸಂತರ ಯೇಸು ಕ್ರಿಸ್ತನ ಸಭೆ. ಹೇಳಿ ಮುಗಿಸುವಷ್ಟರಲ್ಲಿ ಬಾಗಿಲು ಹಾಕಿರುತ್ತದೆ.

ಹುಡುಗರಿಗೆ 24 ತಿಂಗಳು, ಹುಡುಗಿಯರಿಗೆ 18 ತಿಂಗಳು ಈ ಸೇವೆ. ಸಂಬಳವಿಲ್ಲ. ತಿಂಗಳಿಗೆ ತಾವೇ ದುಡ್ಡು ಕಟ್ಟಬೇಕು. ಅಮೆರಿಕದವರಿಗೆ ಅದು 2020ರಲ್ಲಿ 400 ಡಾಲರ್‌ನಿಂದ 500ಕ್ಕೆ ಏರಿತು. ಮೀಸೆ ಸರಿಯಾಗಿ ಮೂಡದ ಹುಡುಗನಿಗೆ ಬಿರುದು ಮಾತ್ರ ‘ಎಲ್ಡರ್’, ಅಂದರೆ ಹಿರಿಯ.

ಹೊರಡುವ ಮುಂಚೆ ಯೂಟಾ ರಾಜ್ಯದ ಪ್ರೊವೊದಲ್ಲೋ ಮೆಕ್ಸಿಕೊ ಸಿಟಿಯಲ್ಲೋ ಸುಮಾರು ಆರು ವಾರ ಸ್ಪ್ಯಾನಿಷ್ ಅರೆದು ಕುಡಿಸುತ್ತಾರೆ. ಕುಡಿಸಿದ್ದರಲ್ಲಿ ಅರ್ಧ ಗ್ರಂಥದ ಭಾಷೆ. ಧರ್ಮಗ್ರಂಥದಲ್ಲಿ ‘ನೀವೆಲ್ಲ’ ಅನ್ನಲು ‘ವೊಸೋತ್ರೋಸ್’ ಎಂದಿದೆ. ಸ್ಪೇನ್‌ನವರು ಇಂದಿಗೂ ಹಾಗೆ ಮಾತಾಡುತ್ತಾರೆ, ಆದರೆ ಮೆಕ್ಸಿಕೊ, ಎಲ್ ಸಾಲ್ವದೋರ್ ಕಡೆಯವರ ಬಾಯಲ್ಲಿ ಅದು ‘ಉಸ್ತೆದೆಸ್’. ಗ್ರಂಥ ಓದಿ ಕಲಿತ ಹುಡುಗ ಟ್ಯಾಕೊ ಗಾಡಿಯ ಮುಂದೆ ‘ವೊಸೋತ್ರೋಸ್’ ಅಂದರೆ, ಸಿಟಿ ಬಸ್ಸಿನಲ್ಲಿ ‘ಎಲೈ ನಿರ್ವಾಹಕನೇ, ಮೆಜೆಸ್ಟಿಕ್ಕಿಗೊಂದು ಚೀಟಿಯಂ ನೀಡು’ ಅಂದ ಹಾಗೆ. ಇನ್ನು ಬೀದಿಯ ಜನಕ್ಕೆ ‘ಉಸ್ತೆದ್’, ಪ್ರಾರ್ಥನೆಯಲ್ಲಿ ದೇವರಿಗೆ ‘ತೂ’. ಎದುರುಮನೆ ರಾಯರಿಗೆ ‘ನೀವು’, ತಿರುಪತಿ ತಿಮ್ಮಪ್ಪನಿಗೆ ‘ನೀನು’ ಅನ್ನುವ ನಮಗೆ ಇದನ್ನು ಹೇಳಿಕೊಡಬೇಕಿಲ್ಲ. ಎಲ್ಲರಿಗೂ ಒಂದೇ ‘ಯೂ’ ಅಂದುಕೊಂಡು ಬೆಳೆದ ಇಂಗ್ಲಿಷ್ ಹುಡುಗ ಗಾಬರಿಯಲ್ಲಿ ಎಂಬತ್ತರ ಅಜ್ಜಿಗೆ ಏಕವಚನವನ್ನೂ ಅವಳ ನಾಯಿಗೆ ಬಹುವಚನವನ್ನೂ ಹಂಚಿ ಬರುತ್ತಾನೆ.

ಇಷ್ಟೆಲ್ಲ ಕಲಿಸುವವರು ಗಡಿಯಾರದ ವಿಷಯದಲ್ಲಿ ಮಾತ್ರ ಸತ್ಯ ಹೇಳುವುದಿಲ್ಲ. ‘ಅಓರಾ’ ಅಂದರೆ ಈಗ. ಅದನ್ನು ಮುದ್ದು ಮಾಡಿ ಚಿಕ್ಕದಾಗಿಸಿದರೆ ‘ಅಓರೀತಾ’. ಪದ ಚಿಕ್ಕದಾದಷ್ಟೂ ಕಾಲ ಉದ್ದವಾಗುತ್ತದೆ. ಮೆಕ್ಸಿಕೊದವರ ಬಾಯಲ್ಲಿ ಅದು ಈ ನಿಮಿಷವೂ ಹೌದು, ಸಂಜೆಯೂ ಹೌದು, ಯಾವತ್ತೂ ಅಲ್ಲದ್ದೂ ಹೌದು. ಪೋರ್ಟೊ ರಿಕೊದವರ ಬಾಯಲ್ಲಿ ನೇರವಾಗಿ ‘ಆಮೇಲೆ’. ‘ಲುವೆಗೊ’ ಅಂದರೆ ಆಮೇಲೆ, ಆದರೆ ಮೆಕ್ಸಿಕೊದವರು ಅದನ್ನೇ ಎರಡು ಸಲ ‘ಲುವೆಗೊ ಲುವೆಗೊ’ ಅಂದರೆ ತಕ್ಷಣ! ಇದನ್ನು ವ್ಯಾಕರಣ ಅನ್ನಬೇಕೋ ಕಣ್ಕಟ್ಟು ಅನ್ನಬೇಕೋ.

ಇವೆಲ್ಲಕ್ಕೂ ಮೇಲೆ ‘ಪ್ರಿಮೇರೊ ದಿಯೋಸ್’. ಭಾನುವಾರ ಸಭೆಗೆ ಬರ್ತೀರಾ ಅಂತ ಕೇಳಿದರೆ ಸಿಗುವ ಉತ್ತರ. ದೇವರು ನಡೆಸಿಕೊಟ್ಟರೆ ಅಂತ ಅರ್ಥ. ದೇವರ ಕೆಲಸಕ್ಕೇ ಬಂದವನ ಹತ್ತಿರ ಹೊಣೆಯನ್ನು ದೇವರ ತಲೆಗೇ ಕಟ್ಟಿದ ಮೇಲೆ ಅವನಾದರೂ ಏನು ವಾದ ಮಾಡಿಯಾನು? ‘ಭಾನುವಾರ ಬರುತ್ತಾರೆ’ ಎಂದು ಬರೆದುಕೊಳ್ಳುತ್ತಾನೆ.

ಮುಖದ ಮೇಲೆ ‘ಇಲ್ಲ’ ಅನ್ನುವುದು ಒರಟುತನ ಎಂದುಕೊಂಡ ಜನ ಇವರು. ನಾವೇನು ಕಡಿಮೆ? ಎಲ್‌ಐಸಿ ಏಜೆಂಟರಿಗೆ ‘ನೋಡೋಣ ಸಾರ್’ ಅಂದವರಲ್ಲವೇ? ನಮ್ಮ ಬೀದಿಗಳಲ್ಲಿ ದೆವ್ವ ಬಾರದಿರಲೆಂದು ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರಲ್ಲ, ಅದನ್ನು ಇಲ್ಲಿ ಬಾಯಲ್ಲಿ ಹೇಳುತ್ತಾರೆ. ದೆವ್ವ ಓದಿಕೊಂಡು ಸುಮ್ಮನೆ ಹೋಗುತ್ತಿತ್ತು. ಎಲ್ಡರ್ ಮಾತ್ರ ‘ನಾಳೆ ಎಷ್ಟು ಗಂಟೆಗೆ?’ ಅಂತ ಕೇಳಿ ಫೋನಿನಲ್ಲಿ ದಾಖಲಿಸುತ್ತಾನೆ.

ಮಂಗಳವಾರ ಸಂಜೆ ಏಳು ಗಂಟೆಯ ದೃಶ್ಯ ನೋಡಿ. ಕಬ್ಬಿಣದ ಜಾಲರಿ ಬಾಗಿಲು. ಒಳಗೆ ಟಿವಿಯಲ್ಲಿ ಧಾರಾವಾಹಿ, ಯಾರೋ ಯಾರನ್ನೋ ಬಿಟ್ಟು ಹೋಗುತ್ತಿದ್ದಾರೆ. ಮುಷ್ಟಿಗಾತ್ರದ ಚಿವಾವಾ ನಾಯಿ ಜಾಲರಿಗೆ ಹಾರಿ ಬೊಗಳುತ್ತಿದೆ. ಹುಡುಗ ತಟ್ಟುತ್ತಾನೆ. ಟಿವಿ ದನಿ ಫಕ್ಕನೆ ಇಳಿಯುತ್ತದೆ. ಪರದೆಯ ಅಂಚು ಎರಡು ಬೆರಳಷ್ಟು ಸರಿದು ಮುಚ್ಚಿಕೊಳ್ಳುತ್ತದೆ. ಪಿಸುಮಾತು. ಆಮೇಲೆ ಐದು ವರ್ಷದ ಮಗುವೊಂದು ಜಾಲರಿಯಾಚೆ ಬಂದು ನಿಂತು, ಶಾಲೆಯಲ್ಲಿ ಪದ್ಯ ಒಪ್ಪಿಸುವ ಹಾಗೆ ‘ದೀಸೆ ಮಿ ಮಮಾ ಕೆ ನೋ ಎಸ್ತಾ’ ಅನ್ನುತ್ತದೆ. ಅಮ್ಮ ಮನೇಲಿಲ್ಲವಂತೆ, ಅಮ್ಮನೇ ಹೇಳಿದ್ಳು. ಹುಡುಗನಿಗೆ ಸ್ಪ್ಯಾನಿಷ್ ಪೂರ್ತಿ ಅರ್ಥವಾದ ಮೊದಲ ವಾಕ್ಯ ಇದೇ ಇರುತ್ತದೆ. ಉತ್ತರ ಕೊಡುವ ವ್ಯಾಕರಣವೂ ಬರುತ್ತದೆ, ಹಾಗಾದರೆ ಅಮ್ಮ ಯಾವಾಗ ಬರ್ತಾಳೆ ಅಂತ ಕೇಳುತ್ತಾನೆ. ಮಗು ತಿರುಗಿ ಒಳಗೆ ನೋಡಿ ಕೂಗುತ್ತದೆ: ‘ಮಮೀ, ಯಾವಾಗ ಬರ್ತೀಯಾ ಅಂತೆ!’ ಒಳಗಿನಿಂದ ಉತ್ತರ: ‘ಅಓರೀತಾ!’

ಹೀಗಾದಾಗ ಒಬ್ಬ ನಿಂತು ಕಾಯಲಿ, ಇನ್ನೊಬ್ಬ ಪಕ್ಕದ ಬೀದಿಗೆ ಹೋಗಲಿ ಅನ್ನುವಂತಿಲ್ಲ. ಜೋಡಿ ಬಿಡಬಾರದು, ಕಣ್ಣಿಗೆ ಕಾಣಬೇಕು, ಕಿವಿಗೆ ಕೇಳಬೇಕು ಎಂಬುದು ನಿಯಮ. ಹಾಗಾಗಿ ಪಳಗಿದವರು ಏಳು ಗಂಟೆಗೆ ಒಂದು ಮನೆ ಗೊತ್ತುಮಾಡಿದರೆ ಅದೇ ಬೀದಿಯಲ್ಲಿ ಇನ್ನೆರಡು ಮನೆ ಇಟ್ಟುಕೊಂಡಿರುತ್ತಾರೆ. ‘ಬರ್ತೀರಾ’ ಅಂತ ಕೇಳಲೇಬಾರದು, ಅದಕ್ಕೆ ಹೌದು ಅಂದೇ ಅನ್ನುತ್ತಾರೆ. ‘ಕರೆದುಕೊಂಡು ಹೋಗಲು ಎಷ್ಟು ಗಂಟೆಗೆ ಬರಲಿ’ ಅನ್ನಬೇಕು, ಅಂದ ಮೇಲೆ ಕಾರಿರುವ ಸಭೆಯವರೊಬ್ಬರನ್ನು ನಿಜವಾಗಿಯೂ ಕಳಿಸಬೇಕು. ಶನಿವಾರ ರಾತ್ರಿ ಒಂದು ಮೆಸೇಜು, ಭಾನುವಾರ ಬೆಳಿಗ್ಗೆ ಇನ್ನೊಂದು. ಇಷ್ಟು ಮಾಡಿದರೆ ಹತ್ತರಲ್ಲಿ ಇಬ್ಬರು ಬಂದಾರು, ಪ್ರಿಮೇರೊ ದಿಯೋಸ್.

ಊಟಕ್ಕೆ ಮಾತ್ರ ಈ ಜನ ಮಾತು ತಪ್ಪುವವರಲ್ಲ. ಆರಕ್ಕೆ ಕರೆದರೆ ಆರಕ್ಕೆ ಒಲೆಯ ಮೇಲೆ ಕಾವಲಿ ಕಾದಿರುತ್ತದೆ. ಪುಪೂಸಾ, ಅಂದರೆ ಮೆಕ್ಕೆಜೋಳದ ಹಿಟ್ಟಿನೊಳಗೆ ಬೀನ್ಸು, ಚೀಸು ಹೂರಣದ ಹಾಗೆ ತುಂಬಿ ತಟ್ಟಿದ ದಪ್ಪ ರೊಟ್ಟಿ, ನಂಚಿಕೊಳ್ಳಲು ಹುಳಿ ಹಿಡಿಸಿದ ಎಲೆಕೋಸು. ಕೈಯಲ್ಲೇ ತಿನ್ನಬೇಕು, ಚಾಕು ಫೋರ್ಕು ಕೇಳಿದವನ ಮಾನ ಉಳಿಯುವುದಿಲ್ಲ. ತಟ್ಟೆ ಖಾಲಿಯಾದರೆ ಮತ್ತೆ ಬಡಿಸಿ ಅಂತಲೇ ಅರ್ಥ, ಆದ್ದರಿಂದ ಎಲ್ಲರಿಗಿಂತ ಮೊದಲು ಮುಗಿಸಬಾರದು. ಏಳೂವರೆಗೆ ಇನ್ನೊಂದು ಮನೆಯಲ್ಲೂ ಊಟ ಒಪ್ಪಿಕೊಂಡಿದ್ದರೆ ಈ ಸೂತ್ರವೇ ಪ್ರಾಣ ಕಾಯುವುದು. ಕೊನೆಗೆ ಕಾಫಿ ಬರುತ್ತದೆ. 1833ರ ಒಂದು ಉಪದೇಶವನ್ನು ಹಿಡಿದು ಅವರಿಗೆ ಕಾಫಿ, ಟೀ, ಮದ್ಯ, ಹೊಗೆಸೊಪ್ಪು ಯಾವುದೂ ಸಲ್ಲದು. ಬೇಡವೆಂದು ಕೈ ಆಡಿಸಿದರೆ ಮನೆಯೊಡತಿಯ ಮುಖ ಸಣ್ಣಗಾಗುತ್ತದೆ. ಅದಕ್ಕೇ ಮೊದಲೇ ‘ಹಮೈಕಾ ಇದೆಯಾ’ ಎಂದು ಕೇಳಿಬಿಡಬೇಕು. ಕೆಂಪು ಪುಂಡಿಯ ಹೂವಿನ ಪಾನಕ ಅದು. ಕೊಟ್ಟವರಿಗೂ ಸಮಾಧಾನ.

ಪಾನಕದ ಕೆಂಪು, ಮೆಣಸಿನಕಾಯಿ ಸಾರಿನ ಕೆಂಪು, ಎರಡೂ ಬಿಳಿ ಅಂಗಿಯನ್ನೇ ಹುಡುಕಿಕೊಂಡು ಬರುತ್ತವೆ. ಪೊಸೋಲೆ ಸಾರು ಕುಡಿಯುವಾಗ ಟೈಯನ್ನು ಎರಡು ಗುಂಡಿಗಳ ನಡುವೆ ಅಂಗಿಯೊಳಗೆ ತೂರಿಸಿಕೊಳ್ಳಬೇಕು. ಆದರೂ ಬಿದ್ದ ಕಲೆಗೆ ಸೋಮವಾರ ಮುಹೂರ್ತ. ವಾರಕ್ಕೊಂದು ಬಿಡುವು ಅದು: ಬಟ್ಟೆ, ಸಂತೆ, ಕ್ಷೌರ ಎಲ್ಲ ಸಂಜೆಯೊಳಗೆ. ಲಾಂಡ್ರಿ ಯಂತ್ರಕ್ಕೆ 25 ಸೆಂಟಿನ ನಾಣ್ಯ ಬೇಕು, ಅದರ ಹೆಸರು ಕ್ವಾರ್ಟರ್. ಕ್ವಾರ್ಟರಿಗಾಗಿ ಇಷ್ಟು ಪರದಾಡುವ ಸಜ್ಜನರು ಪ್ರಪಂಚದಲ್ಲಿ ಬೇರೆ ಇಲ್ಲ. ಮೆಣಸಿನಕಾಯಿಯ ಬಣ್ಣ ಎಣ್ಣೆಯಲ್ಲಿ ಕೂತಿರುತ್ತದೆ, ನೀರಿಗೆ ಜಗ್ಗುವುದಿಲ್ಲ. ಮೊದಲು ಪಾತ್ರೆ ತೊಳೆಯುವ ಸೋಪಿನ ನೀರು ಹಚ್ಚಿ ಉಜ್ಜಿ, ತಣ್ಣೀರಲ್ಲಿ ಜಾಲಿಸಿ, ಬಿಸಿಲಿಗೆ ಹಾಕಬೇಕು. ಸಾಂಬಾರಿನ ಅರಿಸಿನದ ಹಾಗೆಯೇ ಬಿಸಿಲಿಗೆ ಇದೂ ಮಾಸುತ್ತದೆ. ಅವಸರಕ್ಕೆ ಬಿಸಿ ಡ್ರೈಯರಿಗೆ ಹಾಕಿದಿರೋ, ಕಲೆ ಅಲ್ಲೇ ಮನೆ ಕಟ್ಟುತ್ತದೆ.

ಪಾರ್ಲಿ ಪ್ರ್ಯಾಟ್ ಎಂಬಾತ ಇವರಿಗೆಲ್ಲ ಹಿರಿಯಣ್ಣ. 1851ರಲ್ಲಿ ಹಡಗಿನಲ್ಲಿ ಸ್ಪ್ಯಾನಿಷ್ ಕಲಿಯುತ್ತ ಚಿಲಿಯ ವಾಲ್ಪರಾಯಿಸೊ ಬಂದರಿಗೆ ಹೋಗಿ ಇಳಿದ, ಜೊತೆಗೆ ಬಸುರಿ ಹೆಂಡತಿ. ಭಾಷೆ ಕೈಗೆ ಹತ್ತಲಿಲ್ಲ. ಅಲ್ಲಿ ಹುಟ್ಟಿದ ಕೂಸು ಅಲ್ಲೇ ತೀರಿಕೊಂಡಿತು. ಒಬ್ಬರಿಗೂ ದೀಕ್ಷಾಸ್ನಾನ ಮಾಡಿಸದೆ 1852ರಲ್ಲಿ ವಾಪಸು ಹಡಗು ಹತ್ತಿದ. ಅವನನ್ನು ನೆನೆದರೆ ಮೆಟ್ಟಿಲ ಮೇಲಿನ ನಲವತ್ತು ನಿಮಿಷ ಅಷ್ಟೇನೂ ದೊಡ್ಡದಲ್ಲ ಅನ್ನಿಸುತ್ತದೆ. ನಲವತ್ತೊಂದನೆಯ ನಿಮಿಷಕ್ಕೆ ಮತ್ತೆ ಸಿಟ್ಟು ಬರುತ್ತದೆ, ಆ ಮಾತು ಬೇರೆ.

ಸೋಮವಾರ ಬಟ್ಟೆ ಒಣಗುವ ಹೊತ್ತಿಗೆ ಮನೆಗೆ ವಿಡಿಯೊ ಕರೆ. 2019ರ ತನಕ ವರ್ಷಕ್ಕೆ ಎರಡೇ ಸಲ ಇತ್ತು, ಕ್ರಿಸ್ಮಸ್‌ಗೆ, ಅಮ್ಮಂದಿರ ದಿನಕ್ಕೆ. ಈಗ ವಾರವಾರವೂ ಮಾತಾಡಬಹುದು. ಐಡಾಹೊದಲ್ಲಿ ಅಡುಗೆಮನೆಯ ಮೇಜಿಗೆ ಫೋನು ಒರಗಿಸಿಟ್ಟು ಕೂತ ಅಮ್ಮ ಕೇಳುತ್ತಾಳೆ: ತರಕಾರಿ ತಿಂತಿದ್ದೀಯಾ, ಅಜ್ಜಿಗೆ ಕಾಗದ ಬರೆದೆಯಾ? ಹುಡುಗನ ಬಾಯಿಂದ ತಾನಾಗಿ ಬೀಳುತ್ತದೆ: ‘ಅಓರೀತಾ, ಮಾಮ್.’ ಫೋನಿಟ್ಟ ಮೇಲೆ ಅಮ್ಮ ಮಗನ ಹಳೇ ನಿಘಂಟು ತೆಗೆದು ಆ ಪದ ಹುಡುಕುತ್ತಾಳೆ. ಈಗಲೇ, ಈ ಕ್ಷಣವೇ. ಎಷ್ಟು ಜವಾಬ್ದಾರಿ ಬಂದಿದೆ ನೋಡು ಎಂದು ಗಂಡನನ್ನು ಕರೆದು ಹೇಳುತ್ತಾಳೆ.